ತಲೆಗೊಂದು ಸ್ಟೀಕು

ಕಳೆದ ಭಾನುವಾರ ಸಂಜೆ ನಮ್ಮ ಯಜಮಾನರು ಅಡುಗೆ ಮಾಡಿದರು.

ನಿಧಾನ, ನಿಧಾನ. ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಿ. ನೀವು ಓದಿದ್ದು ಸರಿಯಾಗಿಯೇ ಇದೆ, ಅಚ್ಚುಮೊಳೆ ಜೋಡಿಸುವವರ ತಪ್ಪೇನೂ ಇಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾದರೆ ಡಬ್ಬಿ ಎಲ್ಲಿದೆ ಎಂದು ಹಜಾರದಿಂದಲೇ ಕೂಗಿ ಕೇಳುವ ಮನುಷ್ಯ, ಪಂಚೆ ಎತ್ತಿ ಕಟ್ಟಿಕೊಂಡು ಒಲೆಯ ಮುಂದೆ ನಿಂತರು. ಮಾಡಿದ್ದೂ ಉಪ್ಪಿಟ್ಟಲ್ಲ, ಚಿತ್ರಾನ್ನವಲ್ಲ. ಸ್ಟೀಕು!

ಇದಕ್ಕೆಲ್ಲ ಕಾರಣ ನಾನೇ. ಅಥವಾ ನನ್ನ ಜ್ವರ. ಕೆಲವು ವಾರ ಪತ್ರಿಕೆಯ ಈ ಜಾಗದಲ್ಲಿ ನನ್ನ ಹರಟೆಯ ಬದಲು ಕೂದಲೆಣ್ಣೆಯ ಜಾಹೀರಾತು ಬಂದದ್ದನ್ನು ನೀವು ಗಮನಿಸಿರಬಹುದು. (ಗಮನಿಸಿಲ್ಲವಾದರೆ ದಯವಿಟ್ಟು ನನಗೆ ಹೇಳಬೇಡಿ, ಇನ್ನೂ ನಿಶ್ಶಕ್ತಿ ಇದೆ.) ಟೈಫಾಯಿಡ್ ಆಗಿತ್ತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಬಾರ್ಲಿ ನೀರು, ರಾತ್ರಿ ಮತ್ತೆ ಗಂಜಿ. ಪಕ್ಕದ ಮನೆಯಲ್ಲಿ ಒಗ್ಗರಣೆ ಚುರ್ ಎಂದರೆ ಇಲ್ಲಿ ನನ್ನ ಕಣ್ಣಲ್ಲಿ ನೀರು. ಯಾರಾದರೂ ನೋಡಲು ಬಂದು "ಹೇಗಿದ್ದೀರಮ್ಮ?" ಎಂದರೆ, "ನಿಮ್ಮ ಮನೇಲಿ ಇವತ್ತು ಏನಡುಗೆ?" ಎಂದು ಕೇಳುವ ಮಟ್ಟಕ್ಕೆ ಇಳಿದಿದ್ದೆ.

ಕೊನೆಗೂ ಡಾಕ್ಟರು ಬಂದು ನಾಡಿ ಹಿಡಿದು, ನಾಲಿಗೆ ನೋಡಿ, ಅಪ್ಪಣೆ ಕೊಟ್ಟರು. "ಪಥ್ಯ ಮುಗೀತು. ಇನ್ನು ಏನು ಬೇಕಾದರೂ ತಿನ್ನಬಹುದು. ಮಾಂಸ ತಿನ್ನುವವರು ತಾನೆ? ಚೆನ್ನಾಗಿ ತಿಂದು ಮೈ ಹಿಡಿಸಿಕೊಳ್ಳಿ."

ಅವರು ಅಷ್ಟು ಹೇಳಿ ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ನಮ್ಮ ಯಜಮಾನರು ಘೋಷಿಸಿದರು: "ಭಾನುವಾರ ನಾನೇ ನಿನಗೆ ಮಾಡಿ ಹಾಕ್ತೀನಿ ಕಣೇ ಜಯಾ. ಸ್ಟೀಕು!"

ಸ್ಟೀಕು ಎಂದರೇನು ಎಂದು ಕೇಳುವ ಓದುಗರಿಗೆ ಒಂದು ಮಾತು. ಇವರ ಆಫೀಸಿನಲ್ಲಿ ಪೀಟರ್ ಎಂದು ಒಬ್ಬ ಆಂಗ್ಲೋ-ಇಂಡಿಯನ್ ಹೆಡ್ ಕ್ಲಾರ್ಕ್ ಇದ್ದಾರೆ. ಹೋದ ಕ್ರಿಸ್‌ಮಸ್ಸಿಗೆ ಇವರನ್ನು ಊಟಕ್ಕೆ ಕರೆದಿದ್ದರು. ಅಂಗೈಯಗಲದ ಮಾಂಸದ ಇಡೀ ಹೋಳು, ಬರೀ ಉಪ್ಪು ಮೆಣಸು ಸವರಿ, ಬೆಣ್ಣೆಯಲ್ಲಿ ಕಾಯಿಸಿದ್ದು, ತಟ್ಟೆಗೊಂದು. ಅಂದಿನಿಂದ ಇವರ ಬಾಯಲ್ಲಿ ಅದೇ ಜಪ. ಪೀಟರ್ ಮನೆಯ ಸ್ಟೀಕು ಯಾವ ಪ್ರಾಣಿಯದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಸಾರ ನಡೆಯುವುದು ಹೀಗೆ. ನಮ್ಮ ಮನೆಯ ಸ್ಟೀಕು ಮಾತ್ರ ಅಪ್ಪಟ ಕುರಿಯ ತೊಡೆಯದು, ಗಾಬರಿ ಬೇಡ.

ಮೊದಲ ಯುದ್ಧ ಹೆಂಚಿಗಾಗಿ ನಡೆಯಿತು. ಸ್ಟೀಕಿಗೆ ದಪ್ಪ ಕಬ್ಬಿಣದ ಹೆಂಚು ಬೇಕಂತೆ. ಮನೆಯಲ್ಲಿ ಅಂಥದ್ದು ಇರುವುದು ಒಂದೇ, ನಮ್ಮ ಅತ್ತೆಯ ದೋಸೆ ಹೆಂಚು. ಅದನ್ನು ಅವರು ನನ್ನ ಕೈಗೂ ಕೊಡುವುದಿಲ್ಲ. ಇನ್ನು ಮಾಂಸ ಬೇಯಿಸಲು ಕೊಡುತ್ತಾರೆಯೇ?

"ಲೋ ಪುಟ್ಟಸ್ವಾಮಿ, ನನ್ನ ದೋಸೆ ಎಂಚು ಮುಟ್ಟೀಯೆ, ಉಸಾರು!" ಎಂದರು ಅತ್ತೆ. "ನಿಂಗೇನು ಗಾಳಿ ಮೆಟ್ಕೊಂಡದಾ? ಗಂಡ್ಸು ಒಲೆ ಮುಂದೆ ನಿಂತ್ಕೊಂಡ್ರೆ ನೋಡ್ದೋರು ಏನಂದ್ಕೊಂಡಾರು?"

"ಒಲೆ ಮುಂದೆ ನಿಲ್ಲೋದಕ್ಕೂ ಗಂಡಸು ಹೆಂಗಸು ಅಂತ ಇದೆಯೇನಮ್ಮ? ಇದೆಲ್ಲ ಸೈನ್ಸು. ಇಷ್ಟು ದಿನ ಜಯಾ ಮಲಗಿದಾಗ ನೀನೇ ಎಲ್ಲ ನೋಡಿಕೊಂಡೆ. ಇವತ್ತು ನೀನೂ ಸುಮ್ಮನೆ ಕೂತಿರು. ಅಡುಗೆಮನೆ ಕಡೆ ತಲೆ ಹಾಕಬೇಡ."

ಅತ್ತೆಗೆ ಅದೇ ಬೇಕಾಗಿತ್ತೋ, ಅದರಿಂದಲೇ ಅವಮಾನವಾಯಿತೋ ತಿಳಿಯದು. "ಆಯ್ತು ಕಣಪ್ಪ, ನಿನ್ನಡುಗೆ ನೀನೇ ನೋಡ್ಕೊ. ಆಮ್ಯಾಕೆ ಅಮ್ಮಾ ಅಂತ ಬರಬ್ಯಾಡ" ಎಂದು ಹಜಾರದ ಕಂಬಕ್ಕೆ ಒರಗಿ ಕೂತುಬಿಟ್ಟರು.

ಹಾಗಾಗಿ ಯಜಮಾನರು ಸೈಕಲ್ ಹತ್ತಿ ಮಂಡಿ ಮೊಹಲ್ಲಾಕ್ಕೆ ಹೋದರು. ಹಳೇ ಕಬ್ಬಿಣದ ಅಂಗಡಿಯಲ್ಲಿ ಒಂದು ಹೆಂಚು ಸಿಕ್ಕಿತು, ಎತ್ತಿ ಹೊಡೆದರೆ ಆನೆಯೂ ಬೀಳುವಂಥದ್ದು. ಅಲ್ಲಿಂದ ಮಾಂಸದಂಗಡಿ. ಸಾರಿಗೆ ಸಣ್ಣ ತುಂಡು ಹೊಡೆದು ಅಭ್ಯಾಸವಿದ್ದ ಸಾಬರಿಗೆ, ತೊಡೆಯಲ್ಲಿ ಅಡ್ಡಡ್ಡಕ್ಕೆ ಬೆರಳು ದಪ್ಪದ ಇಡೀ ಹೋಳು ಬೇಕು ಎಂದಾಗ ಅನುಮಾನ ಬಂತಂತೆ. "ಕ್ಯಾ ಸ್ವಾಮಿ, ಮನೇಲಿ ಅಮ್ಮಾವ್ರ ಜೊತೆ ಜಗಳ ಆಗಿದ್ಯಾ? ಇಂಥಾ ತುಂಡು ತಗೊಂಡೋದ್ರೆ ಇನ್ನೂ ಜಾಸ್ತಿ ಆಯ್ತದೆ" ಎಂದರಂತೆ. ಯಜಮಾನರು ಅವರಿಗೂ ಸೈನ್ಸು ಹೇಳಿ ಬಂದರು.

ತಂದದ್ದು ಮೂರು ಹೋಳು. ಅತ್ತೆಗೊಂದು, ನನಗೊಂದು, ಅವರಿಗೊಂದು. ಮಾರನೆಯ ದಿನ ಸೋಮವಾರ. ನಮ್ಮಲ್ಲಿ ಸೋಮವಾರ ಮನೆಯೊಳಗೆ ಬಾಡಿನ ವಾಸನೆಯೂ ಇರುವಂತಿಲ್ಲ. ಭಾನುವಾರ ತಂದದ್ದು ಭಾನುವಾರವೇ ಮುಗಿಯಬೇಕು, ಪಾತ್ರೆ ಬೆಳಗಿ ಬೋರಲು ಹಾಕಬೇಕು. ಆದ್ದರಿಂದ ಒಂದು ಚೂರೂ ಹೆಚ್ಚಿಗೆ ತರಬೇಡ ಎಂದು ಅತ್ತೆಯ ಕಟ್ಟಪ್ಪಣೆಯಾಗಿತ್ತು.

ಮಧ್ಯಾಹ್ನವೇ ಹೋಳುಗಳಿಗೆ ಉಪ್ಪು, ಕುಟ್ಟಿದ ಮೆಣಸು, ನಿಂಬೆರಸ ಸವರಿ ಮುಚ್ಚಿಟ್ಟಿದ್ದಾಯಿತು. "ಅರಿಸಿನ ಆಕ್ದೆ ಬಾಡು ಬೇಯಿಸ್ತಾರೇನೋ ಯಾರಾದ್ರೂ?" ಎಂದು ಅತ್ತೆ ಕಂಬದ ಬಳಿಯಿಂದಲೇ ಗೊಣಗಿದರು. ಅವರು ಒಂದು ಚಿಟಿಕೆ ಅರಿಶಿನ ಹಿಡಿದು ಬರುವುದೂ, ಇವರು ಅರಮನೆ ಬಾಗಿಲ ಸಿಪಾಯಿಯಂತೆ ಅಡ್ಡ ನಿಲ್ಲುವುದೂ ಸಂಜೆಯವರೆಗೆ ನಡೆಯಿತು. ನಾನು ಶಾಲು ಹೊದ್ದು ಹಜಾರದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಕಾಯಿಲೆ ಬೀಳುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಮೊದಲೇ ಬೀಳುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಆಲೂಗಡ್ಡೆ ಬೆಂದಿತ್ತು. ಬೇಕರಿಯ ಬ್ರೆಡ್ಡು ಬಂದಿತ್ತು. ಹೆಂಚು ಕಾಯುತ್ತಿತ್ತು. ಉಣ್ಣುವವರು ಕೂತ ಮೇಲೆಯೇ ಸ್ಟೀಕನ್ನು ಹೆಂಚಿಗೆ ಹಾಕಬೇಕು ಎಂಬುದು ಪೀಟರ್ ಸಾಹೇಬರ ನಿಯಮ. ಯಜಮಾನರು ಕೈ ಒರೆಸಿಕೊಳ್ಳುತ್ತಾ ಹಜಾರಕ್ಕೆ ಬಂದು, "ಇನ್ನೇನು ಕೂರೋಣವೇ?" ಎಂದರು. ನನ್ನ ಹೊಟ್ಟೆ ಹೌದು ಎಂದು ಜೋರಾಗಿಯೇ ಹೇಳಿತು.

ಆಗ ಹೊರಗೆ ಸೈಕಲ್ ಬೆಲ್ಲು.

ಬೋಗಾದಿಯ ಚಿಕ್ಕಮಾವ! ನಮ್ಮ ಮಾವನವರ ತಮ್ಮ. ಮಾವನವರು ತೀರಿಕೊಂಡ ಮೇಲೆ ನಮಗೆ ಅವರೇ ಹಿರಿಯರು. ಒಂದು ಕೈಯಲ್ಲಿ ಎಳನೀರಿನ ಗೊಂಚಲು, ಇನ್ನೊಂದರಲ್ಲಿ ತುಪ್ಪದ ಕುಡಿಕೆ.

"ಏನವ್ವ ಜಯಾ, ಎಂಗಿದ್ದೀಯೆ? ಮೊಕ ಎಲ್ಲ ಇಳ್ದೋಗದಲ್ಲವ್ವ!" ಎಂದು ನನ್ನನ್ನು ನೋಡಿ ನೊಂದುಕೊಂಡರು. "ಕಾಯ್ಲೆ ಅಂತ ಸುದ್ದಿ ಬಂತು. ಹೊಲದ ಕೆಲ್ಸ ಮುಗೀಲಿ ಅಂತ ಕಾದೆ. ಇವತ್ತು ಆಗೋದು ಆಗ್ಲಿ ಅಂತ ಬಂದ್ಬುಟ್ಟೆ. ತಕ್ಕೊ, ನಿಮ್ಮ ಚಿಕ್ಕತ್ತೆ ತುಪ್ಪ ಕಾಯ್ಸಿ ಕಳಿಸವ್ಳೆ."

ಚಿಕ್ಕಮಾವನೆಂದರೆ ನನಗೆ ಬಹಳ ಇಷ್ಟ. ಅಷ್ಟು ದೂರ ಸೈಕಲ್ ತುಳಿದು ನನ್ನನ್ನು ನೋಡಲು ಬಂದಿದ್ದಾರೆ. ಊಟ ಮಾಡದೆ ಕಳಿಸುವುದುಂಟೇ? ನಮ್ಮ ಯಜಮಾನರಿಗೂ ಸಂತೋಷ ತಡೆಯಲಾಗಲಿಲ್ಲ. ಇಷ್ಟು ವರ್ಷ ನೆಂಟರು ಬಂದಾಗೆಲ್ಲ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು.

"ಜಯಾ! ಚಿಕ್ಕಪ್ಪ ಊಟಕ್ಕಿರ್ತಾರೆ! ಇನ್ನೊಂದು ಎಲೆ ಹಾಕು!"

ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಬರುವುದು ಹೇಗೆ? ಜಯಾ ಅವರ ಪಕ್ಕದ ಕುರ್ಚಿಯಲ್ಲೇ ಶಾಲು ಹೊದ್ದು ಕೂತಿದ್ದಳಲ್ಲ! ಅಡುಗೆಮನೆಯಲ್ಲಿ ಇದ್ದದ್ದು ಕಾದ ಹೆಂಚು ಮತ್ತು ಮೂರು ಸ್ಟೀಕು, ಅಷ್ಟೆ. ಅವರು ನನ್ನತ್ತ ನೋಡಿದರು. ನಾನು ಅವರತ್ತ ನೋಡಿದೆ. ಅತ್ತೆ ಕಂಬದತ್ತ ನೋಡಿದರು.

ಈಗ ಸ್ವಲ್ಪ ಸಾರಿನ ವಿಷಯ ಮಾತಾಡೋಣ. ಸಾರಿನಂಥ ಉದಾರಿ ಲೋಕದಲ್ಲಿ ಇನ್ನೊಂದಿಲ್ಲ. ನೆಂಟರು ಒಬ್ಬರು ಬಂದರೆ ಒಂದು ಚೆಂಬು ನೀರು, ಇಬ್ಬರು ಬಂದರೆ ನೀರಿನ ಜೊತೆ ಒಂದಿಷ್ಟು ಖಾರದ ಪುಡಿ. ಹಜಾರದಲ್ಲಿ ಕೂತವರಿಗೆ ಒಳಗೆ ಏನು ನಡೆಯಿತೆಂದೇ ತಿಳಿಯದು. ಗಂಡಸರಿಗೆ ತುಂಡು, ಬಂದವರಿಗೆ ತುಂಡು, ಕೇಳಿದವರಿಗೆ ಇನ್ನೂ ಒಂದು ತುಂಡು. ಕೊನೆಗೆ ಬಡಿಸಿದವಳು ಪಾತ್ರೆ ಓರೆ ಮಾಡಿ ತಳದ ಸಾರಿನಲ್ಲಿ ಮುದ್ದೆ ಅದ್ದಿಕೊಂಡರೆ, ಅದನ್ನು ನೋಡುವವರು ಯಾರು? ಸಾರು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಸ್ಟೀಕಿಗೆ ಈ ಸೌಜನ್ಯವಿಲ್ಲ. ಮೂರು ಎಂದರೆ ಮೂರು.

ಯಜಮಾನರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ನನ್ನನ್ನು ಕೈಸನ್ನೆ ಮಾಡಿ ಕರೆದರು. ಗೋಡೆ ಹಿಡಿದುಕೊಂಡು ಹೋದೆ.

"ಈಗೇನೇ ಮಾಡೋದು?" ಪಿಸುಮಾತು.

"ಒಂದು ಚೆಂಬು ನೀರು ಹಾಕಿ" ಎಂದೆ.

"ತಮಾಷೆ ಬೇಡ ಕಣೇ. ಸ್ಟೀಕಿಗೆ ನೀರು ಹಾಕಕ್ಕಾಗತ್ತಾ?"

"ಕತ್ತರಿಸಿ ಹಂಚಿ ಹಾಗಾದರೆ."

"ಕತ್ತರಿಸಿದರೆ ಅದು ಸ್ಟೀಕು ಹೇಗಾಗತ್ತೆ? ಬಾಡಿನ ಪಲ್ಯ ಆಗತ್ತೆ. ಮೊದಲೇ ಕತ್ತರಿಸಿದರೆ ರಸವೆಲ್ಲ ಹೋಗತ್ತೆ ಅಂತ ಪೀಟರ್ ಹೇಳಿದ್ದಾರೆ." ಹಣೆಯ ಬೆವರು ಒರೆಸಿಕೊಂಡರು. "ನೆಂಟರು ಬಂದಾಗ ನೀನು ಇದನ್ನೆಲ್ಲ ಹೇಗೆ ಸಂಭಾಳಿಸ್ತಿದ್ದೆ?"

ಹದಿನಾರಾಣೆ ಪ್ರಶ್ನೆ! ಕೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಉತ್ತರವನ್ನು ಅವರೇ ಕಂಡುಕೊಳ್ಳಲಿ ಎಂದು ಮತ್ತೆ ಬಂದು ಕೂತೆ. ನಿಜ ಹೇಳಬೇಕೆಂದರೆ ನನಗೆ ಭಯವೂ ಆಗಿತ್ತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಮಾಯವಾಗುವ ತುಂಡು ಯಾರದೆಂದು ನನಗೆ ಚೆನ್ನಾಗಿ ಗೊತ್ತು. ಬೇರೆ ದಿನವಾಗಿದ್ದರೆ ಹೋಗಲಿ ಎನ್ನುತ್ತಿದ್ದೆ. ಆದರೆ ಅಷ್ಟು ವಾರ ಗಂಜಿ ಕುಡಿದ ನಾಲಿಗೆ, ಬೆಳಿಗ್ಗೆಯಿಂದ ಆ ಒಂದು ತುಂಡಿಗಾಗಿ ಕಾದಿತ್ತು. ನನಗೆ ಅದು ಬೇಕಾಗಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಬೇಕಾಗಿತ್ತು.

ಅತ್ತೆ ಎದ್ದು ಇದ್ದಿಲ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟರು. ಮೈದುನ ಬಂದಾಗ ಮುದ್ದೆಯಿಲ್ಲದೆ ಎಲೆ ಹಾಕಲು ಅವರಿಂದಾಗದು. ಅಷ್ಟರ ಮಟ್ಟಿಗೆ ಬಗ್ಗಿದರೇ ಹೊರತು ಸ್ಟೀಕಿನ ಕಡೆ ತಿರುಗಿಯೂ ನೋಡಲಿಲ್ಲ.

ಎಲೆ ಹಾಕಿದ್ದಾಯಿತು. ಚಿಕ್ಕಮಾವ, ಅತ್ತೆ, ನಾನು. "ಕೂತ್ಕೊಳವ್ವ, ಕಾಯ್ಲೆ ಎದ್ದೋಳು. ಇವತ್ತು ನೀನೇ ನೆಂಟ್ರು" ಎಂದು ಚಿಕ್ಕಮಾವನೇ ಒತ್ತಾಯ ಮಾಡಿದರು. ಮೊದಲ ಪಂಕ್ತಿಯಲ್ಲಿ ಗಂಡಸರ ಜೊತೆ ಎಲೆಯ ಮುಂದೆ ಕೂತಾಗ ನನಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಎದ್ದು ನೀರು ತರಲೇ, ಉಪ್ಪು ಬಡಿಸಲೇ ಎಂದು ಎರಡು ಸಲ ಏಳಲು ಹೋದೆ.

ಒಳಗೆ ಹೆಂಚಿನ ಮೇಲೆ ಬೆಣ್ಣೆ ಕಾದ ಸದ್ದು. ಆಮೇಲೆ ಘಮ. ಆಮೇಲೆ ಹೊಗೆ. ಆಮೇಲೆ ಇನ್ನೂ ಹೊಗೆ. ಅದರ ನಡುವಿನಿಂದ ಯಜಮಾನರು ಕೆಮ್ಮುತ್ತಾ ಬಂದು ಚಿಕ್ಕಮಾವನ ಎಲೆಗೊಂದು ಸ್ಟೀಕು ಹಾಕಿದರು. ಅತ್ತೆಯ ಎಲೆಗೊಂದು. ನಾನು ಉಸಿರು ಬಿಗಿ ಹಿಡಿದೆ. ಮೂರನೆಯದು ನನ್ನ ಎಲೆಗೆ ಬಿತ್ತು.

"ನಿಂಗೆಲ್ಲೋ?" ಎಂದರು ಚಿಕ್ಕಮಾವ.

"ನನಗೆ ಹಸಿವಿಲ್ಲ ಚಿಕ್ಕಪ್ಪ. ಒಲೆ ಮುಂದೆ ನಿಂತು ನಿಂತು ವಾಸನೆಗೇ ಹೊಟ್ಟೆ ತುಂಬಿಬಿಡ್ತು. ನೀವು ಊಟ ಮಾಡಿ, ನಾನು ಆಮೇಲೆ ಬ್ರೆಡ್ಡಿಗೆ ಏನಾದರೂ ಹಚ್ಚಿಕೊಂಡು ತಿಂತೀನಿ."

ಓದುಗಿಯರೇ, ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಯಾರು ಕಲಿಸಿದರು ಈ ಮನುಷ್ಯನಿಗೆ? ಯಾರೂ ಕಲಿಸಿಲ್ಲ. ಒಲೆಯ ಮುಂದೆ ಒಂದು ಸಂಜೆ ನಿಂತದ್ದೇ ಸಾಕು, ಅಕ್ಷರ ತಪ್ಪದೆ ತಾನಾಗಿ ಬಂದುಬಿಟ್ಟಿತು!

ಆಮೇಲೆ ನಡೆದದ್ದು ಕೇಳಿ. ಚಿಕ್ಕಮಾವನ ಕೈ ಎಲೆಯ ಮೇಲೇ ನಿಂತಿತು. "ಇದೇನ್ಲಾ ಇದು, ಬೆಳಗಿಂದ ಬೇಯಿಸ್ದೋನು ಅಸ್ಕೊಂಡು ಕೂತ್ಕೊಳ್ಳೋದುಂಟಾ? ನಂಗೆ ಉಣ್ಣಕ್ಕೆ ಮನಸ್ಸು ಬಂದಾತಾ?" ಎಂದು ತಮ್ಮ ಸ್ಟೀಕನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತರು. (ಎಲೆಯ ಮೇಲೆ ಚಾಕು ಆಡಿಸಿದರೆ ಎಲೆಯೇ ಎರಡಾಗುತ್ತದೆ. ಸೈನ್ಸು ಇದನ್ನು ಯೋಚಿಸಿರಲಿಲ್ಲ.) ಅತ್ತೆಯ ಮುನಿಸು ಎಲ್ಲಿ ಹೋಯಿತೋ! "ಅಯ್ಯೋ ನನ್ ಮಗ, ಒಗೇಲಿ ನಿಂತು ಕಣ್ಣೆಲ್ಲ ಕೆಂಪಗಾಗದೆ" ಎಂದು ತಮ್ಮದರಲ್ಲಿ ಮುಕ್ಕಾಲು ಪಾಲು ಕಿತ್ತಿಟ್ಟರು. ಕ್ಷಣದಲ್ಲಿ ನಾಲ್ಕನೆಯ ಎಲೆ ಬಂತು. ಯಜಮಾನರನ್ನು ಕೈಹಿಡಿದು ಕೂರಿಸಿದರು. ಹಸಿವಿಲ್ಲದ ಮನುಷ್ಯನ ಎಲೆಯಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಬಿದ್ದಿತ್ತು.

ಅಡುಗೆ ಮಾಡಿದವರು ಹಸಿದಿರಬಾರದು ಎಂಬ ನಿಯಮ ನಮ್ಮ ಮನೆಯಲ್ಲಿ ಮೊದಲಿನಿಂದ ಇತ್ತು ಎಂಬುದೇ ನನಗೆ ತಿಳಿದಿರಲಿಲ್ಲ. ಗೊತ್ತಾದದ್ದು ಅಂದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅತ್ತೆಯ ಕಣ್ಣು ನನ್ನ ಎಲೆಯ ಮೇಲೆ ಬಿತ್ತು. "ಜಯಾ, ನೀನೂ ಅರ್ಧ ಅವ್ನಿಗಾಕವ್ವ. ಕಾಯ್ಲೆ ಹೊಟ್ಟೆ, ಅಷ್ಟು ನಿಂಗೆ ಅರಗಕ್ಕಿಲ್ಲ. ಗಂಡ್ಸು, ಅಸಿದಿರ್ತಾನೆ."

ಅವರದು ತಪ್ಪಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿರುತ್ತಾರೆ. ತಮಾಷೆಯೆಂದರೆ, ನಾನು ಒಂದು ಮಾತೂ ಆಡುವ ಮೊದಲೇ ನನ್ನ ಕೈ ಆ ಸ್ಟೀಕಿನ ಅಂಚನ್ನು ಹಿಡಿದು ಕೀಳಲು ಶುರು ಮಾಡಿತ್ತು. ಮನಸ್ಸು ಬೇಡ ಬೇಡ ಎನ್ನುತ್ತಿದೆ, ಕೈ ತನ್ನ ಪಾಡಿಗೆ ಕೀಳುತ್ತಿದೆ. ಇಂಥ ಕೈಯನ್ನು ಏನು ಮಾಡಬೇಕು ಹೇಳಿ?

"ಬೇಡ!" ಎಂದರು ಯಜಮಾನರು.

ಎಲ್ಲರೂ ಅವರ ಮುಖ ನೋಡಿದರು.

"ಅದು ಅವಳದ್ದು ಕಣಮ್ಮ. ಅವಳಿಗೋಸ್ಕರಾನೇ ಮಾಡಿದ್ದು. ಪೂರ್ತಿ ಅವಳೇ ತಿನ್ನಬೇಕು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಒಂದು ತುಂಡು ಪೂರ್ತಿ ಅವಳ ಎಲೆ ಮೇಲೆ ಇದ್ದದ್ದನ್ನ ನಾನು ಇವತ್ತೇ ನೋಡ್ತಿರೋದು" ಎಂದರು.

ನನಗೆ ಕಣ್ಣು ತುಂಬಿ ಬಂತು. ಮೆಣಸು ಖಾರ ಎಂದು ಅತ್ತೆಗೆ ಹೇಳಿದೆ.

ಸ್ಟೀಕು ಹೇಗಿತ್ತು ಎಂದು ಕೇಳುತ್ತೀರಾ? ಒಂದು ಮಗ್ಗುಲು ಸೀದಿತ್ತು. ಇನ್ನೊಂದು ಮಗ್ಗುಲು ಸೀಯಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಉಪ್ಪು ಮುಂದಾಗಿತ್ತು. ಮೂಳೆಯ ಹತ್ತಿರ ಮಾತ್ರ ಮೆತ್ತಗೆ, ಬೆಣ್ಣೆ, ನಿಂಬೆ, ಮೆಣಸು ಸೇರಿ ಎಂಥ ರುಚಿ! ನಾನು ಒಂದು ಚೂರನ್ನೂ ಯಾರಿಗೂ ಕೊಡಲಿಲ್ಲ. ನಿಧಾನವಾಗಿ, ಮೂಳೆ ಚೀಪಿ, ಬೆರಳು ನೆಕ್ಕಿ ತಿಂದೆ. ಇಷ್ಟು ವರ್ಷದಲ್ಲಿ ನನಗಾಗಿ ಯಾರೂ ಇಷ್ಟು ಕೆಟ್ಟ ಅಡುಗೆಯನ್ನು ಇಷ್ಟು ಪ್ರೀತಿಯಿಂದ ಮಾಡಿರಲಿಲ್ಲ.

(ಅಡುಗೆಮನೆಯನ್ನು ಅವರು ಯಾವ ಸ್ಥಿತಿಯಲ್ಲಿ ಬಿಟ್ಟಿದ್ದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸೋಮವಾರ ಬೆಳಗಾಗುವುದರೊಳಗೆ ಪಾತ್ರೆ ಬೆಳಗಬೇಕು ಎಂದದ್ದೇ ತಡ, ಸೈನ್ಸು ಚಾಪೆ ಹಾಸಿ ಮಲಗಿಬಿಟ್ಟಿತು.)

ಊಟವಾದ ಮೇಲೆ ಚಿಕ್ಕಮಾವ ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಹಲ್ಲಿನ ಸಂದಿಯನ್ನು ನಾಲಿಗೆಯಿಂದ ತಡವುತ್ತಾ, ಒಳಗೆ ಮಲಗಿದ್ದ ಅಣ್ಣನ ಮಗನಿಗೆ ಕೇಳಿಸದಂತೆ ನನಗೆ ಹೇಳಿದರು.

"ನೀನು ಪುಣ್ಯ ಮಾಡಿದ್ದೆ ಕಣವ್ವ. ಅವ್ನಿಗೆ ಬೇಯ್ಸಕ್ಕೆ ಬರಕ್ಕಿಲ್ಲ, ಆದ್ರೂವೆ ಮನಸ್ಸು ಒಳ್ಳೇದು. ನೀನೂ ಚೆಂದಾಗಿ ಉಂಡೆ, ನೋಡಿ ಖುಸಿ ಆಯ್ತು. ನಮ್ಮನೇಲಿ ಅದೂ ಇಲ್ಲ. ನಿಮ್ಮ ಚಿಕ್ಕತ್ತೆಗೆ ಬಾಡೇ ಇಡ್ಸಕ್ಕಿಲ್ಲ. ಮದ್ವೆ ಆದಾಗ್ನಿಂದ ನೋಡಿವ್ನಿ. ಎಷ್ಟೇ ಬೇಯಿಸ್ಲಿ, ಒಂದು ತುಂಡು ಬಾಯಿಗಿಟ್ಟೋಳಲ್ಲ. ಬರೀ ಸಾರಲ್ಲೇ ಮುದ್ದೆ ಉಂಡು ಎದ್ಬುಡ್ತಾಳೆ. ಕೆಲವ್ರ ನಾಲ್ಗೆನೇ ಅಂಗೆ, ಏನ್ಮಾಡಕ್ಕಾಯ್ತದೆ?"

ಹಿರಿಯರಿಗೆ ಎದುರು ಮಾತಾಡುವವಳಲ್ಲ ನಾನು. ಆದರೆ ಹೊಟ್ಟೆ ತುಂಬ ಉಂಡಿದ್ದೆನಲ್ಲ, ಧೈರ್ಯ ಬಂದಿತ್ತು.

"ಚಿಕ್ಕತ್ತೆಗೆ ಹಿಡಿಸಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾವ, ಎಂದಾದರೂ ಬಡಿಸಿ ನೋಡಿದ್ದೀರಾ?"